ಮಹಸೀರ್ ಮೀನು: ಅಂಡಾಣು ಬಲಿಯುವ ಬಗೆ, ವೀರ್ಯಾಣುವಿನ ರಚನೆ

ಬೆಳಗಾವಿಯಿಂದ ಪೀರನವಾಡಿ, ಮಚ್ಛೆ ದಾಟಿ ಸಾಗುವ ರಸ್ತೆ ಖಾನಾಪುರದಲ್ಲಿ ಮಲಪ್ರಭಾ ನದಿಯನ್ನು ಸಂಧಿಸುತ್ತದೆ. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿ ಅಸೋಗಾದ ಬಂಡೆಗಳ ನಡುವೆ ಹರಿದು, ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಲಪ್ರಭೆ, ಘಟಪ್ರಭೆ, ಮಹಾರಾಷ್ಟ್ರದ ಇಂದ್ರಾಯಣಿ, ಮುಳಾ, ಮುಠಾ ಎಲ್ಲವೂ ಒಂದೇ ಕೃಷ್ಣಾ ಕೊಳ್ಳದ ನದಿಗಳು. ಈ ಕೊಳ್ಳದ ಹೆಸರಾಂತ ಮೀನು ದಖ್ಖನ್ ಮಹಸೀರ್. ಇದರ ವೈಜ್ಞಾನಿಕ ನಾಮ ಟಾರ್ ಖುದ್ರಿ.

ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಡಬ್ಲ್ಯು.ಎಚ್. ಸೈಕ್ಸ್ 1839ರಲ್ಲಿ ದಖ್ಖನಿನ ಮೀನುಗಳನ್ನು ಕುರಿತ ತನ್ನ ಬರಹದಲ್ಲಿ ಇದನ್ನು ಮೊದಲ ಬಾರಿಗೆ ವಿಜ್ಞಾನ ಲೋಕಕ್ಕೆ ಪರಿಚಯಿಸಿದ. ಸೈಕ್ಸ್ ಮೀನುಗಳಿಗೆ ಹೆಸರಿಡುವಾಗ ಸ್ಥಳೀಯರ ಬಾಯಲ್ಲಿದ್ದ ಪದಗಳನ್ನೇ ಎತ್ತಿಕೊಳ್ಳುತ್ತಿದ್ದ. ‘ಖುದ್ರಿ’ ಎಂಬುದೂ ಹಾಗೆ ಮರಾಠಿ ಮಾತಿನಿಂದ ಬಂದದ್ದು. ದೊಡ್ಡ ಹುರುಪೆ, ನೀಲಿ ಛಾಯೆಯ ಈಜುರೆಕ್ಕೆ, ದಪ್ಪ ತುಟಿಯ ಈ ಮೀನು ಕಾರ್ಪ್ ಕುಟುಂಬಕ್ಕೆ ಸೇರಿದ್ದು. ಶೃಂಗೇರಿ, ಶಿಶಿಲ, ರಾಮನಾಥಪುರಗಳ ದೇವಾಲಯದ ಘಟ್ಟಗಳಲ್ಲಿ ಭಕ್ತರು ಹಾಕುವ ಮಂಡಕ್ಕಿಗೆ ಮುಗಿಬೀಳುವ ದೊಡ್ಡ ಮೀನುಗಳಲ್ಲಿ ಮಹಸೀರ್ ಜಾತಿಯವೂ ಇವೆ.

ಮಹಸೀರ್‌ನ ಸಂತಾನೋತ್ಪತ್ತಿಯನ್ನು ಕುರಿತು ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ ಕಳೆದ ಐದು ದಶಕಗಳಲ್ಲಿ ಗಣನೀಯ ಕೆಲಸ ನಡೆದಿದೆ. ನದಿಯಲ್ಲಿ ಈ ಮೀನು ಉಳಿಯುವುದೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಬರಿಗಣ್ಣಿಗೆ ಕಾಣುವ ಒಂದು ಹಳದಿ ಮೊಟ್ಟೆ ಹಾಗೂ ಬರಿಗಣ್ಣಿಗೆ ಕಾಣದ ಒಂದು ವೀರ್ಯಾಣುವಿನ ಗುಣಲಕ್ಷಣಗಳಲ್ಲಿ ಅಡಗಿದೆ.

ಅಂಡಾಶಯದೊಳಗೆ

ಮೀನಿನ ಹೊಟ್ಟೆಯಲ್ಲಿ, ಗಾಳಿಚೀಲದ ಕೆಳಗೆ, ಉದ್ದುದ್ದವಾದ ಒಂದು ಜೊತೆ ಅಂಡಾಶಯಗಳಿರುತ್ತವೆ. ಅಂಡಾಣುವಿನ ಮೊದಲ ಹಂತದಲ್ಲಿ ಅದು ಸೂಕ್ಷ್ಮದರ್ಶಕದಡಿ ಮಾತ್ರ ಕಾಣುವ ಪುಟ್ಟ ಜೀವಕೋಶ. ನಡುವೆ ದೊಡ್ಡ ಕೋಶಕೇಂದ್ರ, ಅದರ ಅಂಚಿನಲ್ಲಿ ಸಾಲಾಗಿ ಹಲವು ಕಿರುಕೇಂದ್ರಗಳು. ಈ ಸ್ಥಿತಿಯಲ್ಲಿ ಅಂಡಾಣು ತಿಂಗಳುಗಟ್ಟಲೆ ಉಳಿಯಬಲ್ಲದು.

ಎರಡನೆಯ ಹಂತದಲ್ಲಿ ಕೋಶದ ಹೊರ ಅಂಚಿನ ಬಳಿ ಸಣ್ಣ ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಇವು ಮುಂದೆ ನಿಷೇಚನದ ಗಳಿಗೆಯಲ್ಲಿ ಒಡೆದು ಕೆಲಸಕ್ಕೆ ಬರುವಂಥವು. ಅಂಡಾಣುವಿನ ಸುತ್ತ ದಪ್ಪ ಹೊದಿಕೆಯೊಂದು ಬೆಳೆಯುವುದೂ ಇದೇ ಕಾಲದಲ್ಲಿ. ಹೊದಿಕೆಯಲ್ಲಿ ಒಂದೇ ಒಂದು ಕಡೆ ಆಲಿಕೆಯ ಆಕಾರದ ರಂಧ್ರ ಉಳಿಯುತ್ತದೆ. ಇದನ್ನು ಮೈಕ್ರೊಪೈಲ್ ಎನ್ನುತ್ತಾರೆ.

ಮೂರನೆಯದು ಭಂಡಾರ ತುಂಬುವ ಹಂತ. ಭಂಡಾರವೆಂದರೆ ಮೊಟ್ಟೆಯ ಹಳದಿ ಭಾಗ, ಮರಿಯ ಮೊದಲ ಬುತ್ತಿ. ಆದರೆ ಈ ಬುತ್ತಿ ಅಂಡಾಶಯದಲ್ಲಿ ತಯಾರಾಗುವುದಿಲ್ಲ. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯ ಆದೇಶದಂತೆ ಅಂಡಾಶಯ ಈಸ್ಟ್ರೊಜೆನ್ ಸ್ರವಿಸುತ್ತದೆ. ಆ ಹಾರ್ಮೋನು ರಕ್ತದ ಮೂಲಕ ಯಕೃತ್ತನ್ನು ತಲುಪಿದಾಗ ಯಕೃತ್ತು ವಿಟೆಲ್ಲೊಜೆನಿನ್ ಎಂಬ ಪ್ರೋಟೀನನ್ನು ಉತ್ಪಾದಿಸುತ್ತದೆ. ಅದು ಮತ್ತೆ ರಕ್ತದ ಮೂಲಕ ಬಂದು ಅಂಡಾಣುವಿನೊಳಗೆ ಶೇಖರವಾಗುತ್ತದೆ. ಮೀನಿಗೆ ಮೇವು ಕಡಿಮೆಯಾದರೆ, ನೀರು ಕೊಳೆತರೆ, ಕಾರ್ಖಾನೆಯ ತ್ಯಾಜ್ಯದಿಂದ ಯಕೃತ್ತಿಗೆ ಪೆಟ್ಟು ಬಿದ್ದರೆ ಅದರ ಪರಿಣಾಮ ಮೊಟ್ಟೆಯ ಗಾತ್ರ ಮತ್ತು ಗುಣದ ಮೇಲೆ ಕಾಣಿಸಿಕೊಳ್ಳುವುದು ಇದರಿಂದಾಗಿಯೇ.

ಭಂಡಾರ ತುಂಬಿದ ಅಂಡಾಣು ಕೂಡ ನಿಷೇಚನಕ್ಕೆ ಸಿದ್ಧವಾದಂತಲ್ಲ. ನಡುವಿನ ಕೋಶಕೇಂದ್ರ ಮೆಲ್ಲಗೆ ಅಂಚಿಗೆ, ಮೈಕ್ರೊಪೈಲ್ ಇರುವ ಬದಿಗೆ ಸರಿಯಬೇಕು. ಅದರ ಪೊರೆ ಕರಗಬೇಕು. ಅಂಡಾಣು ತನ್ನನ್ನು ಸುತ್ತಿದ ಕೋಶಗಳಿಂದ ಬಿಡಿಸಿಕೊಳ್ಳಬೇಕು. ಈ ಕೊನೆಯ ಹಂತಕ್ಕೆ ಪಿಟ್ಯುಟರಿಯಿಂದ ಏಕಾಏಕಿ ಹೆಚ್ಚಿನ ಪ್ರಮಾಣದ ಹಾರ್ಮೋನು ಬಿಡುಗಡೆಯಾಗಬೇಕಾಗುತ್ತದೆ. ನದಿಯಲ್ಲಿ ಆ ಸಂದೇಶವನ್ನು ತರುವುದು ಮಳೆ, ಹೊಸನೀರು, ಹರಿವಿನ ರಭಸ, ತಣ್ಣಗಾದ ತಾಪಮಾನ. ಕೆರೆ ಅಥವಾ ತೊಟ್ಟಿಯಲ್ಲಿ ಸಾಕಿದ ಮೀನಿಗೆ ಇವು ಸಿಗುವುದಿಲ್ಲ. ಕಾರ್ಪ್ ಜಾತಿಯ ಮೀನುಗಳಲ್ಲಿ ಡೋಪಮಿನ್ ಎಂಬ ರಾಸಾಯನಿಕ ಈ ಬಿಡುಗಡೆಗೆ ತಡೆಯೊಡ್ಡುತ್ತಿರುತ್ತದೆ. ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಬಳಸುವ ಓವಾಪ್ರಿಮ್ ಚುಚ್ಚುಮದ್ದಿನಲ್ಲಿ ಪಿಟ್ಯುಟರಿಯನ್ನು ಪ್ರಚೋದಿಸುವ ಹಾರ್ಮೋನಿನ ಪ್ರತಿರೂಪವೂ, ಡೋಪಮಿನ್‌ನ ತಡೆಯನ್ನು ತೆಗೆಯುವ ಡೊಂಪೆರಿಡೋನ್ ಎಂಬ ಔಷಧವೂ ಕೂಡಿರುವುದು ಇದಕ್ಕಾಗಿ.

ಈ ವಿದ್ಯೆಗೆ ದೊಡ್ಡ ಇತಿಹಾಸವಿದೆ. 1957ರ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಞ್ಞಿ ಅವರು ಬೇರೆ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಭಾರತೀಯ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ. ಇಂದು ಬೆಳಗಾವಿಯ ಮಾರುಕಟ್ಟೆಗೆ ಬರುವ ಸಾಕಿದ ಕಾಟ್ಲಾ, ರೋಹು, ಮೃಗಾಲ್‌ಗಳೆಲ್ಲ ಆ ಪ್ರಯೋಗದ ಸಂತತಿ ಎಂದರೆ ಅತಿಶಯೋಕ್ತಿಯಲ್ಲ.

ಕಡಿಮೆ ಮೊಟ್ಟೆ, ದೊಡ್ಡ ಮೊಟ್ಟೆ

ಗೆಂಡೆಗೂ ಮಹಸೀರ್‌ಗೂ ಇರುವ ಮುಖ್ಯ ಅಂತರ ಮೊಟ್ಟೆಯ ಲೆಕ್ಕದಲ್ಲಿದೆ. ರೋಹು ಮೀನು ತನ್ನ ತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಮಹಸೀರ್ ಇಡುವುದು ಕಿಲೋಗ್ರಾಂಗೆ ಕೆಲವೇ ಸಾವಿರ. ಆದರೆ ಮಹಸೀರ್‌ನ ಒಂದೊಂದು ಮೊಟ್ಟೆಯೂ ಸುಮಾರು 3 ಮಿಲಿಮೀಟರ್ ಅಗಲವಿದ್ದು, ನಿಂಬೆ ಹಳದಿಯಿಂದ ಕಂದು ಚಿನ್ನದ ಬಣ್ಣದವರೆಗೆ, ಭಂಡಾರದಿಂದ ಗಟ್ಟಿಯಾಗಿ ತುಂಬಿರುತ್ತದೆ. ರೋಹುವಿನ ಮೊಟ್ಟೆಯೂ ನೀರಿಗೆ ಬಿದ್ದ ಮೇಲೆ 5 ಮಿಲಿಮೀಟರ್‌ವರೆಗೆ ಉಬ್ಬುತ್ತದೆ ನಿಜ, ಆದರೆ ಆ ಗಾತ್ರದಲ್ಲಿ ಬಹುಪಾಲು ನೀರು. ಅದು ಹಗುರಾಗಿ ಹರಿವಿನೊಡನೆ ತೇಲುತ್ತ ಸಾಗುತ್ತದೆ. ಮಹಸೀರ್‌ನ ಮೊಟ್ಟೆ ಭಾರವಾದದ್ದು, ತಳಕ್ಕಿಳಿದು ಬೆಣಚುಕಲ್ಲುಗಳ ಸಂದಿಯಲ್ಲಿ ಕೂರುತ್ತದೆ.

ಅಂಡಾಶಯದಲ್ಲಿ ಎಲ್ಲ ಅಂಡಾಣುಗಳೂ ಒಟ್ಟಿಗೆ ಬಲಿಯುವುದಿಲ್ಲ ಎಂಬುದು ಮಹಸೀರ್‌ನ ಇನ್ನೊಂದು ವೈಶಿಷ್ಟ್ಯ. ಒಂದೇ ಅಂಡಾಶಯದಲ್ಲಿ ಎಳೆಯವು, ನಡುಹಂತದವು, ಬಲಿತವು ಜೊತೆಜೊತೆಯಾಗಿ ಕಾಣಸಿಗುತ್ತವೆ. ಹೀಗಾಗಿ ಹೆಣ್ಣು ಒಂದೇ ಸಲಕ್ಕೆ ಹೊಟ್ಟೆ ಬರಿದು ಮಾಡಿಕೊಳ್ಳದೆ ಕಂತುಗಳಲ್ಲಿ ಮೊಟ್ಟೆ ಇಡುತ್ತದೆ. ಮಳೆ ಕೈಕೊಡುವ ನಾಡಿನಲ್ಲಿ ಇದು ಜಾಣತನದ ಏರ್ಪಾಡು: ಒಂದು ಪ್ರವಾಹದಲ್ಲಿ ಮೊಟ್ಟೆಗಳು ಕೊಚ್ಚಿಹೋದರೂ ಮುಂದಿನ ಹದಕ್ಕೆ ಇನ್ನಷ್ಟು ಉಳಿದಿರುತ್ತವೆ.

27ರಿಂದ 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಗೆಂಡೆ ಮೀನಿನ ಮೊಟ್ಟೆ 14ರಿಂದ 18 ಗಂಟೆಗಳಲ್ಲಿ ಮರಿಯಾಗುತ್ತದೆ. ಇನ್ನೂ ತಣ್ಣನೆಯ ನೀರಿನಲ್ಲಿ ಬೆಳೆಯುವ ಮಹಸೀರ್ ಮೊಟ್ಟೆಗೆ ಸುಮಾರು 3 ದಿನ ಬೇಕು. ಮೊಟ್ಟೆಯೊಡೆದು ಬಂದ ಮರಿಗೆ ತಕ್ಷಣ ಈಜಲು ಬರುವುದಿಲ್ಲ. ಹೊಟ್ಟೆಯಡಿಯ ಭಂಡಾರದ ಚೀಲವನ್ನು ಹೊತ್ತು, ಬೆಳಕಿಗೆ ಹೆದರಿ, ತಳದ ಮೂಲೆಯಲ್ಲಿ ಗುಂಪಾಗಿ ಬಿದ್ದಿರುತ್ತದೆ. ಆ ಚೀಲ ಕರಗಲು ಒಂದು ವಾರವೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಅಂದರೆ ಮೊಟ್ಟೆ ಇಟ್ಟ ಗಳಿಗೆಯಿಂದ ಹತ್ತಾರು ದಿನ ಆ ಬೆಣಚುಕಲ್ಲಿನ ಹಾಸು ಅಲುಗಾಡಬಾರದು, ಹೂಳಿನಿಂದ ಮುಚ್ಚಬಾರದು, ಅದರ ಸಂದಿಗಳಲ್ಲಿ ಆಮ್ಲಜನಕವಿರುವ ತಿಳಿನೀರು ಹರಿಯುತ್ತಲೇ ಇರಬೇಕು. ನದಿಪಾತ್ರದಲ್ಲಿ ಮರಳು, ಜಲ್ಲಿ ಎತ್ತುವವರು ಒಯ್ಯುವುದು ಕೇವಲ ಕಟ್ಟಡ ಸಾಮಗ್ರಿಯನ್ನಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ವೀರ್ಯಾಣುವಿನ ರಚನೆ

ಮೀನಿನ ವೀರ್ಯಾಣುವನ್ನು ಮನುಷ್ಯನ ಅಥವಾ ಎತ್ತಿನ ವೀರ್ಯಾಣುವಿನೊಡನೆ ಹೋಲಿಸಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಸಸ್ತನಿಗಳ ವೀರ್ಯಾಣುವಿನ ತಲೆಯ ಮೇಲೆ ಆಕ್ರೊಸೋಮ್ ಎಂಬ ಟೊಪ್ಪಿಗೆಯಿರುತ್ತದೆ. ಅದರಲ್ಲಿನ ಕಿಣ್ವಗಳು ಅಂಡಾಣುವಿನ ಹೊದಿಕೆಯನ್ನು ಕರಗಿಸಿ ದಾರಿ ಮಾಡುತ್ತವೆ. ಮಹಸೀರ್ ಸೇರಿದಂತೆ ಬಹುತೇಕ ಎಲುಬುಮೀನುಗಳ ವೀರ್ಯಾಣುವಿಗೆ ಈ ಟೊಪ್ಪಿಗೆ ಇಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ಅಂಡಾಣುವಿನ ಹೊದಿಕೆಯಲ್ಲಿ ಮೈಕ್ರೊಪೈಲ್ ಎಂಬ ಬಾಗಿಲು ಆಗಲೇ ತೆರೆದಿರುತ್ತದೆ.

ಕಾರ್ಪ್ ಕುಟುಂಬದ ವೀರ್ಯಾಣುವಿನ ತಲೆ ಬಹುತೇಕ ದುಂಡಗೆ, ಅಗಲ 2ರಿಂದ 3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು. ತಲೆಯ ತುಂಬ ಒತ್ತಾಗಿ ಅಡಕಗೊಂಡ ವರ್ಣತಂತುಗಳು. ರೋಹು, ಕಾಟ್ಲಾಗಳ ದೇಹಕೋಶದಲ್ಲಿ 50 ವರ್ಣತಂತುಗಳಿದ್ದರೆ ಮಹಸೀರ್‌ನ ದೇಹಕೋಶದಲ್ಲಿ 100 ಇವೆ. ಪೂರ್ವಕಾಲದಲ್ಲೆಲ್ಲೋ ಇದರ ವಂಶದಲ್ಲಿ ವರ್ಣತಂತುಗಳ ಇಡೀ ಗಂಟು ಇಮ್ಮಡಿಯಾದುದರ ಗುರುತು ಇದು. ಹಾಗಾಗಿ ಮಹಸೀರ್‌ನ ಒಂದು ವೀರ್ಯಾಣು ಹೊತ್ತೊಯ್ಯುವುದು 50 ವರ್ಣತಂತುಗಳನ್ನು.

ತಲೆಯ ಹಿಂದೆ ಕಿರಿದಾದ ನಡುಭಾಗ. ಇದರಲ್ಲಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಕೆಲವೇ ಇದ್ದು, ಅವೂ ಒಂದು ಬದಿಗೆ ವಾಲಿಕೊಂಡಿರುತ್ತವೆ. ಅಲ್ಲಿಂದ ಮುಂದಕ್ಕೆ ಉದ್ದನೆಯ ಬಾಲ, ಅಂದರೆ ಕಶಾಂಗ. ಅದರ ಅಡ್ಡಸೀಳಿಕೆಯಲ್ಲಿ ಹೊರಗೆ 9 ಜೋಡಿ, ನಡುವೆ 2 ಬಿಡಿ ಸೂಕ್ಷ್ಮನಾಳಗಳು ಕಾಣುತ್ತವೆ. ಶೈವಲದಿಂದ ಮನುಷ್ಯನವರೆಗೆ ಪ್ರಕೃತಿ ಬಿಡದೆ ಉಳಿಸಿಕೊಂಡು ಬಂದ ವಿನ್ಯಾಸವಿದು.

ಗಂಡು ಮೀನಿನ ದೇಹದೊಳಗೆ ವೀರ್ಯಾಣುಗಳು ಚಲಿಸುವುದಿಲ್ಲ. ಅಲ್ಲಿನ ದ್ರವದ ಲವಣಾಂಶ ಅವನ್ನು ತಟಸ್ಥವಾಗಿರಿಸುತ್ತದೆ. ನದಿಯ ಸಿಹಿನೀರಿಗೆ ಬಿದ್ದೊಡನೆ ಸುತ್ತಲಿನ ಲವಣಾಂಶ ಏಕಾಏಕಿ ಇಳಿದು, ಆ ಆಘಾತವೇ ಬಾಲವನ್ನು ಚಾಲನೆಗೊಳಿಸುತ್ತದೆ. ಆದರೆ ಅದೇ ಸಿಹಿನೀರು ವೀರ್ಯಾಣುವಿನೊಳಗೆ ನುಗ್ಗಿ ಅದನ್ನು ಉಬ್ಬಿಸಿ ಕೆಡಿಸುತ್ತದೆ. ಇರುವ ಶಕ್ತಿಯ ದಾಸ್ತಾನೂ ಅಲ್ಪ. ಗೆಂಡೆ ಜಾತಿಯ ವೀರ್ಯಾಣು ಹುರುಪಿನಿಂದ ಈಜುವ ಅವಧಿ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸು. ಅಷ್ಟರೊಳಗೆ ಅದು 3 ಮಿಲಿಮೀಟರಿನ ಮೊಟ್ಟೆಯ ಮೇಲೆ ತನ್ನ ತಲೆಯಷ್ಟೇ ಅಗಲದ ಬಾಗಿಲನ್ನು ಕಂಡುಕೊಳ್ಳಬೇಕು.

ಬಾಗಿಲಿನ ಒಳತುದಿ ಒಂದು ವೀರ್ಯಾಣುವಿಗೆ ಮಾತ್ರ ಜಾಗ ಕೊಡುತ್ತದೆ. ಮೊದಲನೆಯದು ಒಳಹೊಕ್ಕ ಕೂಡಲೇ ಅಂಡಾಣುವಿನ ಅಂಚಿನ ಗುಳ್ಳೆಗಳು ಒಡೆದು, ಹೊದಿಕೆ ಮೇಲೆದ್ದು ಗಟ್ಟಿಯಾಗುತ್ತದೆ, ದಾರಿ ಮುಚ್ಚಿಹೋಗುತ್ತದೆ. ವೀರ್ಯಾಣು ಬಾರದಿದ್ದರೂ ನೀರು ತಗುಲಿದ ಅಂಡಾಣು ಹೆಚ್ಚು ಹೊತ್ತು ಕಾಯುವುದಿಲ್ಲ. ಅದರ ಬಾಗಿಲೂ ಬೇಗನೆ ಮುಚ್ಚುತ್ತದೆ. ಮೀನುಮರಿ ಕೇಂದ್ರಗಳಲ್ಲಿ ಒಣ ವಿಧಾನ ಅನುಸರಿಸುವುದಕ್ಕೆ ಕಾರಣ ಇದೇ. ಒರೆಸಿ ಒಣಗಿಸಿದ ಬೋಗುಣಿಗೆ ಹೆಣ್ಣಿನ ಹೊಟ್ಟೆ ಸವರಿ ಮೊಟ್ಟೆ ಇಳಿಸಿ, ಅದರ ಮೇಲೆ ಗಂಡಿನ ವೀರ್ಯ ಹಿಂಡಿ, ಹಕ್ಕಿಯ ಗರಿಯಿಂದ ಮೃದುವಾಗಿ ಕಲಸಿ, ಆಮೇಲಷ್ಟೇ ನೀರು ಹಾಕುತ್ತಾರೆ. ಕೈಯಿಂದ ತೊಟ್ಟಿಕ್ಕಿದ ನಾಲ್ಕು ಹನಿ ನೀರೂ ಒಂದಿಡೀ ತಂಡವನ್ನು ಹಾಳುಮಾಡಬಲ್ಲದು.

ಚೇಳುಮೀನಿನ ಬೇರೆಯೇ ದಾರಿ

ಎಲ್ಲ ಮೀನುಗಳೂ ಈ ನಿಮಿಷದ ಓಟಕ್ಕೆ ಒಪ್ಪಿಕೊಂಡಿಲ್ಲ. ಸಮುದ್ರದ ಚೇಳುಮೀನುಗಳ ಬಳಗ ಇದಕ್ಕೆ ಒಳ್ಳೆಯ ನಿದರ್ಶನ. ಕರ್ನಾಟಕದ ಕೆರೆಗಳಲ್ಲಿ ಚೇಳುಮೀನು ಎಂದು ಕರೆಯುವುದು ಮುಳ್ಳಿನಿಂದ ಚುಚ್ಚುವ, ಮೀಸೆಯುಳ್ಳ ಸಿಹಿನೀರಿನ ಮೀನನ್ನು. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಬಂಡೆಗಳ ಬಳಿ ಮುಳುಗುಗಾರರಿಗೆ ಕಾಣುವ ಸಿಂಹಮೀನು ಸಮುದ್ರದ ಚೇಳುಮೀನುಗಳ ಬಳಗದ್ದು.

ಸಿಂಹಮೀನು ಹಾಗೂ ಅದರ ಕೆಲವು ಬಂಧುಗಳಲ್ಲಿ ಅಂಡಾಣುಗಳು ಅಂಡಾಶಯದ ನಡುದಿಂಡಿನಿಂದ ಸಣ್ಣ ತೊಟ್ಟುಗಳ ತುದಿಯಲ್ಲಿ, ಗೊಂಚಲಿನ ಕಾಯಿಗಳಂತೆ ಬೆಳೆಯುತ್ತವೆ. ಅಂಡಾಶಯದ ಗೋಡೆ ಲೋಳೆಯಂಥ ಪದಾರ್ಥವನ್ನು ಸ್ರವಿಸಿ ಬಲಿತ ಮೊಟ್ಟೆಗಳನ್ನೆಲ್ಲ ಒಂದು ಮುದ್ದೆಯಾಗಿ ಕಟ್ಟುತ್ತದೆ. ಹೆಣ್ಣು ಸಿಂಹಮೀನು ಒಮ್ಮೆಗೆ ಇಂಥ ಎರಡು ಮುದ್ದೆಗಳನ್ನು ಹೊರಬಿಡುತ್ತದೆ, ಪ್ರತಿಯೊಂದರಲ್ಲೂ ಸಾವಿರಾರು ಮೊಟ್ಟೆಗಳು. ಲೋಳೆಯ ಮುದ್ದೆ ನೀರಿನ ಮೇಲ್ಮೈಗೆ ತೇಲಿಹೋಗುತ್ತದೆ. ಮೊಟ್ಟೆಗಳು ಚದುರದೆ ಒಂದೆಡೆ ಇರುವುದರಿಂದ ಗಂಡಿಗೆ ಅಪಾರ ವೀರ್ಯ ಚೆಲ್ಲುವ ಅಗತ್ಯ ಬೀಳುವುದಿಲ್ಲ. ಕೆಲವೇ ದಿನಗಳಿಗೊಮ್ಮೆ ಮೊಟ್ಟೆ ಇಡುತ್ತ ಒಂದು ಹೆಣ್ಣು ವರ್ಷಕ್ಕೆ 20 ಲಕ್ಷದವರೆಗೂ ಮೊಟ್ಟೆ ಇಡಬಲ್ಲದು. 1980ರ ದಶಕದಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡ ಈ ಪರಕೀಯ ಮೀನು ಕೆರಿಬಿಯನ್ ಸಮುದ್ರವನ್ನೆಲ್ಲ ಆವರಿಸಿದ್ದರ ಹಿಂದಿನ ಒಂದು ಕಾರಣ ಇದು.

ಇದೇ ಬಳಗಕ್ಕೆ ಹತ್ತಿರದ ಹೆಲಿಕೊಲೀನಸ್ ಎಂಬ ಮೀನಿನಲ್ಲಿ ನಿಷೇಚನ ದೇಹದೊಳಗೇ ನಡೆಯುತ್ತದೆ. ಹೆಣ್ಣು ವೀರ್ಯಾಣುಗಳನ್ನು ಅಂಡಾಶಯದೊಳಗಿನ ಪುಟ್ಟ ಗೂಡುಗಳಲ್ಲಿ ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುತ್ತದೆ ಎಂದು ಸ್ಪೇನಿನ ಸಂಶೋಧಕರು ಕಂಡುಕೊಂಡಿದ್ದಾರೆ. ಸೆಬಾಸ್ಟಿಸ್ ಎಂಬ ಇನ್ನೊಂದು ಗುಂಪು ಮರಿಗಳನ್ನೇ ಈಯುತ್ತದೆ. ಹೀಗೆ ದೇಹದೊಳಗೆ ನಿಷೇಚನ ಹೊಂದುವ ಮೀನುಗಳ ವೀರ್ಯಾಣುವಿನ ತಲೆ ಸಾಮಾನ್ಯವಾಗಿ ದುಂಡಗಿರದೆ ನೀಳವಾಗಿರುತ್ತದೆ. ಮಹಸೀರ್‌ನ ವೀರ್ಯಾಣುವಿಗೆ ಒಂದು ನಿಮಿಷ, ಹೆಲಿಕೊಲೀನಸ್‌ನದಕ್ಕೆ ಹಲವು ತಿಂಗಳು.

ಮಂಗಳೂರಿನ ಪ್ರಯೋಗ

ಮಹಸೀರ್‌ನ ಕೃತಕ ಸಂತಾನೋತ್ಪತ್ತಿಯ ಕಥೆ 1970ರ ದಶಕದಲ್ಲಿ ಲೋನಾವಾಲಾದಿಂದ ಆರಂಭವಾಗುತ್ತದೆ. ಅಲ್ಲಿ ಟಾಟಾ ವಿದ್ಯುತ್ ಕಂಪನಿಗಳ ವಲವಣ ಜಲಾಶಯದ ಬಳಿ ಸಿ.ವಿ. ಕುಲಕರ್ಣಿ ಮತ್ತು ಎಸ್.ಎನ್. ಓಗಳೆ ಅವರು ಮೊಟ್ಟೆ, ವೀರ್ಯಗಳನ್ನು ಹಿಂಡಿ ತೆಗೆದು ಲಕ್ಷಾಂತರ ಮರಿಗಳನ್ನು ಪಡೆಯುವ ವಿಧಾನವನ್ನು ರೂಢಿಸಿದರು. ನಿಷೇಚಿತ ಮೊಟ್ಟೆಗಳನ್ನು ನೀರಿಲ್ಲದೆ, ಒದ್ದೆ ಹತ್ತಿಯ ಪದರಗಳ ನಡುವೆ ಇಟ್ಟು ದೂರದ ಊರುಗಳಿಗೆ ಸಾಗಿಸಬಹುದೆಂದೂ ಅವರು ತೋರಿಸಿಕೊಟ್ಟರು. ಭಾರವಾದ, ಗಟ್ಟಿ ಹೊದಿಕೆಯ, ನಿಧಾನವಾಗಿ ಬೆಳೆಯುವ ಮೊಟ್ಟೆಯಾದ್ದರಿಂದ ಮಾತ್ರ ಇದು ಸಾಧ್ಯವಾಯಿತು. 15 ಗಂಟೆಗೇ ಮರಿಯಾಗುವ ರೋಹುವಿನ ಮೊಟ್ಟೆ ಹತ್ತಿಯಲ್ಲಿ ಪಯಣಿಸಲಾರದು.

ಕರ್ನಾಟಕದಲ್ಲಿ ವೀರ್ಯಾಣುವಿನ ಅಧ್ಯಯನಕ್ಕೆ ಮುಂದಾದದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜು. ಅಲ್ಲಿನ ಎನ್. ಬಸವರಾಜ ಮತ್ತು ಎಸ್.ಎನ್. ಹೆಗ್ಡೆ ಅವರು ದಖ್ಖನ್ ಮಹಸೀರ್‌ನ ವೀರ್ಯವನ್ನು ಅತಿಶೀತದಲ್ಲಿ ಕಾಪಿಡುವ ಪ್ರಯೋಗಗಳ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ವೀರ್ಯವನ್ನು ತಕ್ಕ ಲವಣ ದ್ರಾವಣದಲ್ಲಿ ತೆಳುವಾಗಿಸಿ, ಒಳಗೆ ಮಂಜಿನ ಹರಳು ಕಟ್ಟದಂತೆ ರಕ್ಷಕ ರಾಸಾಯನಿಕ ಬೆರೆಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರಿಸುವುದು ಇದರ ಕ್ರಮ. ಯಾವ ದ್ರಾವಣ, ಯಾವ ರಕ್ಷಕ, ಎಷ್ಟು ಪಾಲು ಬೆರೆಸಬೇಕು, ಎಷ್ಟು ಕಾಲ ಇಟ್ಟರೆ ಎಷ್ಟು ವೀರ್ಯಾಣುಗಳು ಮತ್ತೆ ಚುರುಕಾಗುತ್ತವೆ ಎಂಬುದನ್ನು ಅವರು ಒಂದೊಂದಾಗಿ ಪರೀಕ್ಷಿಸಿದ್ದರು. ಹೆಣ್ಣು ಹದಕ್ಕೆ ಬಂದ ದಿನ ಗಂಡು ಸಿಗದಿದ್ದರೂ, ಬೇರೆ ಬೇರೆ ಗಂಡುಗಳ ವಂಶಾಂಶವನ್ನು ಬಳಸಲು ಇದರಿಂದ ಅನುಕೂಲ.

ಆದರೆ ಇದಕ್ಕೊಂದು ಮಿತಿಯಿದೆ, ಅದು ಸಣ್ಣದಲ್ಲ. ವೀರ್ಯಾಣುವಿನಲ್ಲಿ ನೀರು ಕಡಿಮೆ, ಗಾತ್ರ ಅತ್ಯಲ್ಪ. ಆದ್ದರಿಂದ ಅದು ಹೆಪ್ಪುಗಟ್ಟಿ ಕರಗಿದರೂ ಬದುಕುತ್ತದೆ. ಭಂಡಾರ ತುಂಬಿದ, ದಪ್ಪ ಹೊದಿಕೆಯ ಮಹಸೀರ್ ಮೊಟ್ಟೆಯನ್ನು ಹಾಗೆ ಕಾಪಿಡುವ, ಬಳಕೆಗೆ ಬಂದ ವಿಧಾನ ಇನ್ನೂ ಇಲ್ಲ. ವೀರ್ಯದ ಬ್ಯಾಂಕಿನಿಂದ ಉಳಿಯುವುದು ಅರ್ಧ ವಂಶ ಮಾತ್ರ. ಉಳಿದರ್ಧಕ್ಕೆ ಜೀವಂತ ಹೆಣ್ಣು ಮೀನೇ ಬೇಕು, ಅದಕ್ಕೆ ನದಿ ಬೇಕು.

ಬಾಗಿಲು ಕೇಳದ ಪ್ರಶ್ನೆ

ಮೈಕ್ರೊಪೈಲ್ ಒಂದು ವೀರ್ಯಾಣುವಿಗಷ್ಟೇ ದಾರಿ ಕೊಡುತ್ತದೆ, ಸರಿ. ಆದರೆ ಹತ್ತಿರದ ಜಾತಿಯ ವೀರ್ಯಾಣುವನ್ನು ಗುರುತಿಸಿ ಹೊರಗಿಡುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. ಲೋನಾವಾಲಾದಲ್ಲಿಯೇ ಬೇರೆ ಬೇರೆ ಮಹಸೀರ್ ಜಾತಿಗಳ ಮಿಶ್ರತಳಿಗಳನ್ನು ಪಡೆಯಲಾಗಿತ್ತು. ಒಂದು ನದಿಯ ಮಹಸೀರನ್ನು ಇನ್ನೊಂದಕ್ಕೆ ಬಿಡುವುದು ಆಕ್ಷೇಪಾರ್ಹವಾಗುವುದು ಈ ಕಾರಣದಿಂದ.

ಕಾವೇರಿಯಲ್ಲಿ ಇದು ನಡೆದುಹೋಗಿದೆ. ಕಿತ್ತಳೆ ಬಾಲದ, ಬೆನ್ನುಗೂನಿನ ದೈತ್ಯ ಮಹಸೀರ್ ಕಾವೇರಿಯ ಸ್ವಂತ ಮೀನು. 1970ರ ದಶಕದಿಂದೀಚೆಗೆ ಆ ನದಿಗೆ ಕೃಷ್ಣಾ ಕೊಳ್ಳದ ನೀಲಿ ರೆಕ್ಕೆಯ ದಖ್ಖನ್ ಮಹಸೀರ್ ಮರಿಗಳನ್ನು ಬಿಡುತ್ತ ಬರಲಾಯಿತು. ಉದ್ದೇಶ ಸಂರಕ್ಷಣೆಯೇ ಆಗಿತ್ತು. ಗಾಳ ಹಾಕುವವರ ದಾಖಲೆಗಳನ್ನು ಪರಿಶೀಲಿಸಿದ ಆಡ್ರಿಯನ್ ಪಿಂಡರ್ ಮತ್ತು ಸಂಗಡಿಗರು 2015ರಲ್ಲಿ ವರದಿ ಮಾಡಿದಂತೆ, ನೀಲಿ ರೆಕ್ಕೆಯ ಮೀನು ಹೆಚ್ಚಿದಂತೆಲ್ಲ ಗೂನುಬೆನ್ನಿನ ಮೀನು ಕ್ಷೀಣಿಸಿತು. 2018ರಲ್ಲಿ ಈ ಮೀನು ಟಾರ್ ರೆಮಾದೇವಿಯೈ ಎಂಬ ಜಾತಿಯದೆಂದು ಖಚಿತವಾಯಿತು. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯಕ್ಕೊಳಗಾದ ಜೀವಿಗಳ ಸಾಲಿಗೆ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ವಿರಳವಾಗಿತ್ತು. ದಖ್ಖನ್ ಮಹಸೀರ್ ಮಾತ್ರ ಅದೇ ಕೆಂಪು ಪಟ್ಟಿಯಲ್ಲಿ ಅಪಾಯದ ವರ್ಗದಿಂದ ಹೊರಬಂದಿದೆ.

ಖಾನಾಪುರ ತಾಲ್ಲೂಕಿಗೆ ಈ ಅನುಭವ ದೂರದ್ದಲ್ಲ. ಪೂರ್ವಕ್ಕೆ ಹರಿಯುವ ಮಲಪ್ರಭೆ ಮತ್ತು ಪಶ್ಚಿಮಕ್ಕೆ ಹರಿಯುವ ಮಹದಾಯಿ ಎರಡೂ ಇದೇ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುತ್ತವೆ. ಕಳಸಾ–ಬಂಡೂರಿ ಯೋಜನೆ ಮಹದಾಯಿ ಕೊಳ್ಳದ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತನ್ನ ತೀರ್ಪು ನೀಡಿತು. ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿನ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎರಡು ಕೊಳ್ಳಗಳ ನಡುವೆ ನೀರು ಹರಿದಾಗ ಅದರೊಡನೆ ಮೊಟ್ಟೆ, ಮರಿಗಳೂ ಹರಿಯಬಲ್ಲವು ಎಂಬುದು ಇದುವರೆಗಿನ ಚರ್ಚೆಯಲ್ಲಿ ಹೆಚ್ಚು ಕೇಳಿಬಂದಿಲ್ಲ. ಎಷ್ಟು ಟಿಎಂಸಿ ಎಂಬ ಲೆಕ್ಕದ ಜೊತೆಗೆ ಕಾಲುವೆಯ ಬಾಯಿಗೆ ಎಂಥ ಜಾಲರಿ ಎಂಬುದನ್ನೂ ಎಂಜಿನಿಯರುಗಳು ಕೇಳಿಕೊಳ್ಳಬೇಕಾಗುತ್ತದೆ.

ಮಹಸೀರ್ ಮೊಟ್ಟೆ ಇಡುವುದು ಮುಂಗಾರಿನ ಹೊಸನೀರಿಗೆ ಎದುರಾಗಿ ಈಜಿ, ಮೇಲ್ಭಾಗದ ಬೆಣಚುಕಲ್ಲಿನ ಹಾಸನ್ನು ತಲುಪಿದ ಮೇಲೆ. ನವಿಲುತೀರ್ಥದಂಥ ಅಣೆಕಟ್ಟಿನ ಕೆಳಗೆ ಉಳಿದ ಮೀನಿಗೆ ಕಣಕುಂಬಿಯ ಬದಿಯ ತಿಳಿನೀರು ನಿಲುಕುವುದಿಲ್ಲ. ಬಲಿತ ಅಂಡಾಣು ಹೊರಬರಲಾಗದೆ ಹೋದರೆ ಅಂಡಾಶಯದೊಳಗೇ ಕರಗಿ, ಅದರ ಪ್ರೋಟೀನು ಮತ್ತೆ ತಾಯಿಯ ರಕ್ತಕ್ಕೆ ಸೇರುತ್ತದೆ. ಮಳೆಗಾಲ ಮುಗಿದ ಮೇಲೆ ಅಂಥ ಹೆಣ್ಣಿನ ಅಂಡಾಶಯವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಮುದುಡಿದ, ಕಂದುಬಣ್ಣಕ್ಕೆ ತಿರುಗಿದ ಕೋಶಗಳು ಎಳೆಯ ಅಂಡಾಣುಗಳ ನಡುವೆ ಅಲ್ಲಲ್ಲಿ ಕಾಣಸಿಗುತ್ತವೆ.